ಹೆಪಾರಿನ್ ಹಿಡಿಯುವ ಕೈ: ಟಿಚ್ ಬಟನ್ನಿನಿಂದ ಪ್ರೋಟೀನ್ ಡೇಟಾ ಬ್ಯಾಂಕಿನವರೆಗೆ, ಹಂತ ಹಂತವಾಗಿ

ಉಲ್ಹಾಸನಗರದಲ್ಲಿ ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ರಕ್ತ ತೆಗೆಯುವ ಟ್ಯೂಬುಗಳನ್ನು ಮುಚ್ಚಳದ ಬಣ್ಣದಿಂದಲೇ ಕರೆಯುತ್ತೇವೆ. ನೇರಳೆ, ನೀಲಿ, ಹಸಿರು. ಹಸಿರು ಮುಚ್ಚಳದ ಟ್ಯೂಬಿನ ಒಳಗೋಡೆಗೆ ಹೆಪಾರಿನ್ ಸವರಿರುತ್ತದೆ. ರಕ್ತ ತುಂಬಿದ ಮೇಲೆ ಅದನ್ನು ಎಂಟು-ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಕುಲುಕಬಾರದು. ಅಷ್ಟು ಮಾಡಿದರೆ ರಕ್ತ ಹೆಪ್ಪುಗಟ್ಟದೆ ಉಳಿಯುತ್ತದೆ.

ಡೊಂಬಿವಲಿಯಲ್ಲಿ ಬಿ.ಎಸ್ಸಿ. ಓದುವ ನನ್ನ ಅಕ್ಕನ ಮಗಳು ಒಂದು ಭಾನುವಾರ ಕೇಳಿದಳು: "ಮಾಮಾ, ಹೆಪಾರಿನ್ ರಕ್ತ ತೆಳ್ಳಗ ಮಾಡ್ತದ ಅಂತಾರಲ್ಲ, ಅದು ಹ್ಯಾಂಗ?" ಉತ್ತರ ಹೇಳಹೊರಟವನಿಗೆ ಮಾತಿಗಿಂತ ಕೈಗೆ ಸಿಗುವ ವಸ್ತುವೇ ಬೇಕೆನ್ನಿಸಿತು. ಆ ದಿನ ಮೇಜಿನ ಮೇಲೆ ನಾವಿಬ್ಬರೂ ಮಾಡಿದ್ದನ್ನೇ ಇಲ್ಲಿ ಹಂತವಾಗಿ ಬರೆದಿದ್ದೇನೆ. ಪಿಯುಸಿ ಮಟ್ಟದ ರಸಾಯನಶಾಸ್ತ್ರ ನೆನಪಿದ್ದರೆ ಸಾಕು.

ಬೇಕಾದ ಸಾಮಾನು: ಹಳೆಯ ಜೀನ್ಸಿನ ಸೊಂಟದ ಪಟ್ಟಿ 36 ಸೆಂಟಿಮೀಟರ್, ಒಂಬತ್ತು ಜೊತೆ ಟಿಚ್ ಬಟನ್, ಎರಡು ರಟ್ಟು, ಸೂಜಿ, ಸ್ವಲ್ಪ ಕೆಂಪು ದಾರ, ದರ್ಜಿಯ ಸೀಮೆಸುಣ್ಣ, ಕೋನಮಾಪಕ, ಇಂಟರ್ನೆಟ್ ಇರುವ ಕಂಪ್ಯೂಟರ್. ಜೀನ್ಸ್ ಕಾರ್ಖಾನೆಗಳ ನಮ್ಮ ಊರಿನಲ್ಲಿ ಮೊದಲ ಎರಡಕ್ಕೆ ಹುಡುಕಾಡಬೇಕಿಲ್ಲ.

ಹಂತ 1: "ತೆಳ್ಳಗೆ" ಎಂಬ ಮಾತನ್ನು ಬದಿಗಿಡಿ

ಹೆಪಾರಿನ್ ರಕ್ತವನ್ನು ತೆಳ್ಳಗೆ ಮಾಡುವುದಿಲ್ಲ. ಅದು ನೇರವಾಗಿ ಹೆಪ್ಪನ್ನು ಮುಟ್ಟುವುದೂ ಇಲ್ಲ. ರಕ್ತದಲ್ಲಿ ಮೊದಲೇ ಇರುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನು ಹೆಪ್ಪುಗಟ್ಟಿಸುವ ಕಿಣ್ವಗಳನ್ನು ಹಿಡಿದು ಸುಮ್ಮನಾಗಿಸುತ್ತದೆ, ಆದರೆ ತುಂಬ ನಿಧಾನವಾಗಿ. ಹೆಪಾರಿನ್ ಬಂದು ಅಂಟಿಕೊಂಡರೆ ಅದೇ ಕೆಲಸ ಸುಮಾರು ಸಾವಿರ ಪಟ್ಟು ವೇಗವಾಗುತ್ತದೆ. ಹಾಗಾಗಿ ನಾವು ಉತ್ತರ ಹುಡುಕಬೇಕಾದ ಪ್ರಶ್ನೆ ಒಂದೇ: ಆ ಪ್ರೋಟೀನು ಹೆಪಾರಿನ್ ಎಂಬ ಈ ಸಕ್ಕರೆಯ ಸರಪಳಿಯನ್ನು ಗುರುತಿಸುವುದು ಹೇಗೆ?

ಹೆಸರಿನ ಬಗ್ಗೆಯೂ ಒಂದು ಮಾತು. ಹೆಪ್ಪು ತಡೆಯುವುದಕ್ಕೆ ಹೆಪಾರಿನ್ ಎಂದು ಕನ್ನಡದ ಕಿವಿಗೆ ಕೇಳಿಸುತ್ತದೆ. ನಾನೂ ಕಲಿಯುವ ದಿನಗಳಲ್ಲಿ ಹಾಗೇ ನೆನಪಿಟ್ಟುಕೊಂಡಿದ್ದೆ. ಸಂಬಂಧವಿಲ್ಲ. ಗ್ರೀಕಿನಲ್ಲಿ ಹೆಪಾರ್ ಎಂದರೆ ಯಕೃತ್ತು. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿಗೆ ಹೆಪ್ಪು ತಡೆಯುವ ಅಂಶವೊಂದು ನಾಯಿಯ ಅಂಗಾಂಶದಿಂದ ಸಿಕ್ಕಿತು. ಅವನ ಗುರು ವಿಲಿಯಂ ಹಾವೆಲ್ ಆ ಕೆಲಸ ಮುಂದುವರಿಸಿ, 1918ರಲ್ಲಿ ಯಕೃತ್ತಿನಿಂದ ತೆಗೆದ ಪದಾರ್ಥಕ್ಕೆ ಈ ಹೆಸರಿಟ್ಟರು. ಇವತ್ತಿನ ಔಷಧ ಬಹುಪಾಲು ಬರುವುದು ಹಂದಿಯ ಕರುಳಿನ ಒಳಪೊರೆಯಿಂದ.

ಹಂತ 2: ಸರಪಳಿಯನ್ನು ಜೀನ್ಸ್ ಪಟ್ಟಿಯಲ್ಲಿ ಮಾಡಿ

ಪಟ್ಟಿಯ ಮೇಲೆ ಸೀಮೆಸುಣ್ಣದಿಂದ ಎರಡೆರಡು ಸೆಂಟಿಮೀಟರಿಗೆ ಗೆರೆ ಎಳೆಯಿರಿ. ಹದಿನೆಂಟು ಮನೆಗಳಾಗುತ್ತವೆ. ಒಂದೊಂದು ಮನೆಯೂ ಒಂದು ಸಕ್ಕರೆ. ಬೆಸ ಸಂಖ್ಯೆಯ ಮನೆಗಳಲ್ಲಿ "ಐ" ಎಂದು ಬರೆಯಿರಿ, ಇದು ಇಡುರಾನಿಕ್ ಆಮ್ಲ. ಸಮ ಸಂಖ್ಯೆಯವುಗಳಲ್ಲಿ "ಗ", ಅಂದರೆ ಗ್ಲೂಕೋಸಮೀನ್. ಹೆಪಾರಿನ್ ಎಂದರೆ ಹೆಚ್ಚುಕಡಿಮೆ ಈ ಜೋಡಿಯೇ ಮತ್ತೆ ಮತ್ತೆ.

ಈಗ ಆವೇಶ. ಪೂರ್ತಿ ತುಂಬಿದ ಒಂದು ಜೋಡಿಯ ಮೇಲೆ ಮೂರು ಸಲ್ಫೇಟ್ ಗುಂಪುಗಳಿರುತ್ತವೆ: ಇಡುರಾನಿಕ್ ಮೇಲೆ ಒಂದು, ಗ್ಲೂಕೋಸಮೀನ್ ಮೇಲೆ ಎರಡು. ಜೊತೆಗೆ ಒಂದು ಕಾರ್ಬಾಕ್ಸಿಲ್. ನಾಲ್ಕೂ ಋಣ ಆವೇಶದವು. ಜೀವಿಗಳು ತಯಾರಿಸುವ ದೊಡ್ಡ ಅಣುಗಳಲ್ಲಿ ಇಷ್ಟು ದಟ್ಟವಾಗಿ ಋಣ ಆವೇಶ ಹೊತ್ತಿರುವುದು ಬೇರೊಂದು ಗೊತ್ತಿಲ್ಲ.

ಪ್ರತಿ ಜೋಡಿಗೂ ಟಿಚ್ ಬಟನ್ನಿನ ಉಬ್ಬಿರುವ ಅರ್ಧವನ್ನು ಒಂದೊಂದು ಹೊಲಿಯಿರಿ. ಆದರೆ ಎಲ್ಲವನ್ನೂ ಒಂದೇ ಬದಿಗೆ ಹೊಲಿಯಬೇಡಿ. ತುದಿಯಿಂದ 2 ಸೆಂಟಿಮೀಟರಿಗೆ ಮುಂಬದಿ, 6ಕ್ಕೆ ಹಿಂಬದಿ, 10ಕ್ಕೆ ಮುಂಬದಿ, 14ಕ್ಕೆ ಹಿಂಬದಿ, ಹೀಗೆ 34ರವರೆಗೆ. ಹೆಪಾರಿನ್ ಸರಪಳಿ ತಿರುಚಿಕೊಂಡಿರುವುದರಿಂದ ಅದರ ಸಲ್ಫೇಟ್ ಗೊಂಚಲುಗಳು ಒಮ್ಮೆ ಈ ಬದಿಗೆ, ಒಮ್ಮೆ ಆ ಬದಿಗೆ ಮುಖ ಮಾಡುತ್ತವೆ. ಒಂದೇ ಬದಿಯ ಎರಡು ಗೊಂಚಲುಗಳ ನಡುವೆ ಸುಮಾರು 17 ಆಂಗ್‌ಸ್ಟ್ರಾಂ ಅಂತರ. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಆಂಗ್‌ಸ್ಟ್ರಾಂ. ನಮ್ಮ ಪಟ್ಟಿಯಲ್ಲಿ ಆ 17 ಆಂಗ್‌ಸ್ಟ್ರಾಂ 8 ಸೆಂಟಿಮೀಟರ್ ಆಗಿದೆ.

ಇನ್ನೊಂದು ಸೂಕ್ಷ್ಮ. "ಗ" ಮನೆಗಳನ್ನು ಹಾಗೇ ಗಟ್ಟಿಯಾಗಿ ಬಿಡಿ. "ಐ" ಮನೆಗಳ ಅಂಚನ್ನು ಕತ್ತರಿಯಿಂದ ಸ್ವಲ್ಪ ಕಚ್ಚು ಮಾಡಿ. ಇಡುರಾನಿಕ್ ಆಮ್ಲದ ಉಂಗುರ ಒಂದೇ ಭಂಗಿಯಲ್ಲಿ ಕೂರುವುದಿಲ್ಲ, ಎರಡು ಭಂಗಿಗಳ ನಡುವೆ ಮಗ್ಗುಲು ಬದಲಿಸುತ್ತಿರುತ್ತದೆ. ಗ್ಲೂಕೋಸಮೀನ್ ಹಾಗಲ್ಲ. ಗಟ್ಟಿ ಸರಪಳಿಯ ನಡುವೆ ಅಲ್ಲಲ್ಲಿ ಮಣಿಯುವ ಕೀಲು ಇರುವುದರಿಂದಲೇ ಪ್ರೋಟೀನಿನ ಮೈಗೆ ಸರಿಯಾಗಿ ಇದು ಹೊಂದಿಕೊಳ್ಳಬಲ್ಲದು.

ಹಂತ 3: ಎರಡು ರಟ್ಟು, ಎರಡು ಪ್ರೋಟೀನು

ಒಂದು ರಟ್ಟಿಗೆ ಗುಳಿಯಿರುವ ಎರಡು ಅರ್ಧಗಳನ್ನು 8 ಸೆಂಟಿಮೀಟರ್ ಅಂತರದಲ್ಲಿ ಹೊಲಿಯಿರಿ. ಇನ್ನೊಂದಕ್ಕೂ ಎರಡು, 5 ಸೆಂಟಿಮೀಟರ್ ಅಂತರದಲ್ಲಿ. ಈ ಗುಳಿಗಳು ಪ್ರೋಟೀನಿನ ಮೈಮೇಲಿನ ಲೈಸಿನ್ ಮತ್ತು ಆರ್ಜಿನಿನ್. ಇವೆರಡೂ ಧನ ಆವೇಶದ ಅಮೈನೋ ಆಮ್ಲಗಳು.

ಪಟ್ಟಿಯನ್ನು ಮೊದಲ ರಟ್ಟಿನ ಮೇಲಿಟ್ಟು ಒತ್ತಿ. ಟಕ್, ಟಕ್. ಎರಡೂ ಕೂತವು. ಎರಡನೆಯದರ ಮೇಲಿಟ್ಟರೆ ಒಂದು ಕೂರುತ್ತದೆ, ಇನ್ನೊಂದು ಅಂತರ ತಪ್ಪಿ ಹೊರಗೇ ಉಳಿಯುತ್ತದೆ. ಸೊಂಟದ ಪಟ್ಟಿ ದಪ್ಪಗಿರುವುದರಿಂದ ಮಡಿಸಿ ಕೂರಿಸಲೂ ಆಗುವುದಿಲ್ಲ. ಒಂದೇ ಬಟನ್ ಹಿಡಿದ ಪಟ್ಟಿಯನ್ನು ಎಳೆದು ನೋಡಿ, ತಟ್ಟನೆ ಬಿಟ್ಟುಕೊಳ್ಳುತ್ತದೆ. ಎರಡು ಹಿಡಿದದ್ದು ಬಿಡುವುದಿಲ್ಲ.

"ಅಂದ್ರ ಪ್ಲಸ್ ಮೈನಸ್ ಇದ್ರಷ್ಟ ಸಾಲಂಗಿಲ್ಲ," ಎಂದಳು ನಮ್ಮ ಹುಡುಗಿ. ಸಾಲದು. ಆವೇಶ ಹತ್ತಿರ ಕರೆಯುತ್ತದೆ, ಕೂರಿಸುವುದು ಅಂತರ.

ಲೈಸಿನ್‌ಗೂ ಆರ್ಜಿನಿನ್‌ಗೂ ಇರುವ ವ್ಯತ್ಯಾಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲೈಸಿನ್‌ನ ತುದಿಯಲ್ಲಿ ಒಂದೇ ಸಾರಜನಕ. ಆರ್ಜಿನಿನ್‌ನ ತುದಿ ಕವಲೊಡೆದಿದೆ, ಒಂದು ಸಲ್ಫೇಟನ್ನು ಎರಡು ಕವಲಿನಿಂದ ಹಿಡಿಯಬಲ್ಲದು. ಹಾಗಾಗಿ ಸಲ್ಫೇಟಿನ ಮೇಲೆ ಆರ್ಜಿನಿನ್‌ನ ಹಿಡಿತ ಹೆಚ್ಚು ಗಟ್ಟಿ.

ಹಂತ 4: ಪ್ರೋಟೀನಿನ ಅಕ್ಷರಮಾಲೆ ಓದಿ

ಹೊಸ ಪ್ರೋಟೀನೊಂದು ಹೆಪಾರಿನ್ ಹಿಡಿಯುತ್ತದೋ ಇಲ್ಲವೋ ಎಂದು ಊಹಿಸಲು ಜನ ಮೊದಲು ಮಾಡುವ ಕೆಲಸ ಇದು. 1989ರಲ್ಲಿ ಕಾರ್ಡಿನ್ ಮತ್ತು ವೈನ್‌ಟ್ರಾಬ್ ಅಲ್ಲಿಯವರೆಗೆ ಗೊತ್ತಿದ್ದ ಪ್ರೋಟೀನುಗಳನ್ನು ಸಾಲಾಗಿಟ್ಟು ನೋಡಿ ಎರಡು ವಿನ್ಯಾಸ ಗುರುತಿಸಿದರು. ಧನ ಆವೇಶದ್ದನ್ನು "ಧ", ಮಿಕ್ಕಿದ್ದನ್ನು "ಇ" ಎಂದು ಬರೆದರೆ, ಒಂದು: ಇಧಧಇಧಇ. ಇನ್ನೊಂದು: ಇಧಧಧಇಇಧಇ. ಮೊದಲನೆಯದು ಚಾಚಿದ ಎಳೆಯಲ್ಲಿ, ಎರಡನೆಯದು ಸುರುಳಿಯಲ್ಲಿ ಧನ ಆವೇಶಗಳನ್ನು ಒಂದೇ ಬದಿಗೆ ತರುತ್ತದೆ ಎಂಬುದು ಅವರ ವಾದ.

ಆಂಟಿಥ್ರಾಂಬಿನ್ನಿನ 124ರಿಂದ 136ರವರೆಗಿನ ಸಾಲು ಇಲ್ಲಿದೆ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: ಅಲನಿನ್, ಲೈಸಿನ್, ಲ್ಯೂಸಿನ್, ಆಸ್ಪರಜಿನ್, ಸಿಸ್ಟೀನ್, ಆರ್ಜಿನಿನ್, ಲ್ಯೂಸಿನ್, ಟೈರೋಸಿನ್, ಆರ್ಜಿನಿನ್, ಲೈಸಿನ್, ಅಲನಿನ್, ಆಸ್ಪರಜಿನ್, ಲೈಸಿನ್. ಧನ ಆವೇಶದವು 125, 129, 132, 133, 136. ಮೇಲಿನ ಎರಡೂ ವಿನ್ಯಾಸಕ್ಕೆ ಇದು ಅಕ್ಷರಶಃ ಹೊಂದುವುದಿಲ್ಲ. ಆದರೂ ನಿಲ್ಲಿ, ಕೋನಮಾಪಕ ತೆಗೆದುಕೊಳ್ಳಿ.

ಈ ಭಾಗ ಸುರುಳಿ. ಸುರುಳಿಯಲ್ಲಿ ಒಂದು ಸುತ್ತಿಗೆ 3.6 ಅಮೈನೋ ಆಮ್ಲ, ಅಂದರೆ ಒಂದರಿಂದ ಇನ್ನೊಂದಕ್ಕೆ 100 ಡಿಗ್ರಿ ತಿರುವು. ಒಂದು ವೃತ್ತ ಬರೆದು 125ನ್ನು ಸೊನ್ನೆ ಡಿಗ್ರಿಯಲ್ಲಿಡಿ. 129 ನಾಲ್ಕು ಹೆಜ್ಜೆ ಮುಂದೆ, 400 ಡಿಗ್ರಿ; ಒಂದು ಪೂರ್ತಿ ಸುತ್ತು ಕಳೆದರೆ 40. ಹೀಗೇ 132 ಬರುವುದು 340ಕ್ಕೆ, 133 ಬರುವುದು 80ಕ್ಕೆ, 136 ಬರುವುದು 20ಕ್ಕೆ. ಐದೂ ಚುಕ್ಕೆ ಕೇವಲ 100 ಡಿಗ್ರಿಯ ಕಮಾನಿನೊಳಗೆ ಬಿದ್ದವು. ವೃತ್ತದ ಮಿಕ್ಕ ಭಾಗದಲ್ಲಿ ಒಂದೂ ಇಲ್ಲ. ಸಾಲಿನಲ್ಲಿ ಚದುರಿದಂತೆ ಕಂಡದ್ದು ಮಡಚಿಕೊಂಡಾಗ ಒಂದೇ ಬದಿಯ ಪಟ್ಟೆಯಾಯಿತು. ಈ ವೃತ್ತವನ್ನು ಸ್ವಂತ ಕೈಯಲ್ಲಿ ಬರೆದವರಿಗೆ ಸಿಗುವ ಖುಷಿಯೇ ಬೇರೆ. ದಯವಿಟ್ಟು ಈ ಹಂತ ಬಿಡಬೇಡಿ.

ಹಂತ 5: ನಿಜವಾದ ಚಿತ್ರ ತೆರೆಯಿರಿ

ಕಂಪ್ಯೂಟರಿನಲ್ಲಿ ಆರ್‌ಸಿಎಸ್‌ಬಿ ಪ್ರೋಟೀನ್ ಡೇಟಾ ಬ್ಯಾಂಕ್ ತೆರೆಯಿರಿ. ಉಚಿತ, ಖಾತೆಯೂ ಬೇಡ. ಹುಡುಕುವ ಜಾಗದಲ್ಲಿ ಅಂಕಿ 1, ಅದರ ಹಿಂದೆಯೇ ಇಂಗ್ಲಿಷಿನ ಎ, ಝಡ್, ಎಕ್ಸ್ ಅಕ್ಷರಗಳನ್ನು ಹೊಡೆಯಿರಿ. 1997ರಲ್ಲಿ ಪ್ರಕಟವಾದ, ಆಂಟಿಥ್ರಾಂಬಿನ್ ಐದು ಸಕ್ಕರೆಯ ತುಣುಕನ್ನು ಹಿಡಿದಿರುವ ರಚನೆ ಸಿಗುತ್ತದೆ. ರಚನೆ ತೋರಿಸುವ ಕೊಂಡಿ ಒತ್ತಿದರೆ ಮೋಲ್‌ಸ್ಟಾರ್ ಎಂಬ ವೀಕ್ಷಕ ತೆರೆದುಕೊಳ್ಳುತ್ತದೆ. ಎರಡು ಪ್ರೋಟೀನುಗಳು ಕಾಣುತ್ತವೆ, ಗಾಬರಿಯಾಗಬೇಡಿ. ಹರಳಿನಲ್ಲಿ ಅವು ಜೋಡಿಯಾಗಿ ಕೂತಿವೆ, ಒಂದು ಕೆಲಸ ಮಾಡುವ ರೂಪ, ಇನ್ನೊಂದು ಸುಪ್ತ ರೂಪ.

ಸಕ್ಕರೆಯ ತುಣುಕಿನ ಮೇಲೆ ಕ್ಲಿಕ್ ಮಾಡಿ. ಚಿತ್ರ ಹತ್ತಿರ ಬಂದು ಸುತ್ತಲಿನ ಅಮೈನೋ ಆಮ್ಲಗಳು ಕಡ್ಡಿಗಳಾಗಿ ಮೂಡುತ್ತವೆ, ನಡುವೆ ಚುಕ್ಕೆಗೆರೆಗಳು ಬರುತ್ತವೆ. ಹಳದಿ ಗಂಧಕ, ಕೆಂಪು ಆಮ್ಲಜನಕ, ನೀಲಿ ಸಾರಜನಕ. ಹಳದಿಯ ಸುತ್ತ ಕೆಂಪು ಇದ್ದಲ್ಲಿ ಸಲ್ಫೇಟ್. ಅದಕ್ಕೆ ಎದುರಾಗಿ ನೀಲಿ ತುದಿ ಚಾಚಿರುವುದನ್ನು ಹುಡುಕಿ, ಮೌಸ್ ಅದರ ಮೇಲೆ ತಂದರೆ ಹೆಸರು, ಸಂಖ್ಯೆ ಕೆಳಗೆ ಬರುತ್ತದೆ.

ಲೈಸಿನ್ 125 ಮತ್ತು ಆರ್ಜಿನಿನ್ 129 ಅಲ್ಲಿವೆ, ನಮ್ಮ ವೃತ್ತದವೇ. ಆದರೆ ವೃತ್ತದಲ್ಲಿ ಇಲ್ಲದವೂ ಇವೆ: ಆರ್ಜಿನಿನ್ 47, ಲೈಸಿನ್ 114. ಸಾಲಿನಲ್ಲಿ 47ಕ್ಕೂ 129ಕ್ಕೂ ಎಂಬತ್ತಕ್ಕಿಂತ ಹೆಚ್ಚು ಹೆಜ್ಜೆ ದೂರ. ಮಡಚಿದ ಪ್ರೋಟೀನಿನಲ್ಲಿ ಅವು ನೆರೆಹೊರೆ. ಬರೀ ಸಾಲು ಓದಿ ಜಾಗ ಕಂಡುಹಿಡಿದೆ ಎನ್ನುವವರು ಸೋಲುವುದು ಇಲ್ಲಿ. ಐದು ಸಕ್ಕರೆಯ ತುಣುಕನ್ನು ಹಿಡಿಯುವುದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಲೈಸಿನ್ 114 ನಾವು ಓದಿದ ಸಾಲಿನ ಹೊರಗೇ ಇತ್ತು. ನಮ್ಮ 132, 133, 136 ಹೆಚ್ಚಾಗಿ ಉಪಯೋಗಕ್ಕೆ ಬರುವುದು ಸರಪಳಿ ಇನ್ನೂ ಉದ್ದ ಇದ್ದಾಗ.

ಆರ್ಜಿನಿನ್ 47ರ ಮಹತ್ವ ಮನುಷ್ಯರ ಮೈಯಲ್ಲೇ ಕಂಡಿದೆ. ಅದು ಸಿಸ್ಟೀನ್ ಆಗಿ ಬದಲಾದ ಆಂಟಿಥ್ರಾಂಬಿನ್ನನ್ನು ಜಪಾನಿನಲ್ಲಿ 1980ರ ದಶಕದಲ್ಲಿ ಗುರುತಿಸಿ ತೊಯಾಮಾ ಎಂದು ಹೆಸರಿಟ್ಟರು. ಆ ಪ್ರೋಟೀನಿಗೆ ಹೆಪಾರಿನ್ ಹಿಡಿಯಲು ಆಗುವುದಿಲ್ಲ, ಅಂಥವರಿಗೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ತೊಂದರೆ. ನಮಗೆ ಹೆಪಾರಿನ್ ಯಾರೂ ಚುಚ್ಚದಿದ್ದರೂ ರಕ್ತನಾಳದ ಒಳಮೈಯಲ್ಲಿ ಅದರ ತಂಗಿ ಹೆಪರಾನ್ ಸಲ್ಫೇಟ್ ಇದ್ದೇ ಇರುತ್ತದೆ, ಅದನ್ನೂ ಈ ಕೈಯೇ ಹಿಡಿಯಬೇಕು.

ಹಂತ 6: ಕೆಂಪು ಗಂಟು

ಜೀನ್ಸ್ ಪಟ್ಟಿಗೆ ಮರಳಿ. 8ರಿಂದ 12ನೇ ಮನೆಯವರೆಗೆ ಸೀಮೆಸುಣ್ಣದಿಂದ ಸುತ್ತು ಹಾಕಿ. 9ನೇ ಮನೆಯ "ಐ" ಅಳಿಸಿ "ಗ್ಲುಕುರಾನಿಕ್" ಎಂದು ಬರೆಯಿರಿ, ಅದಕ್ಕೆ ಸಲ್ಫೇಟಿಲ್ಲ. ನಡುವಿನ 10ನೇ ಮನೆಯ ಮೇಲೆ ಕೆಂಪು ದಾರದ ಗಂಟು ಹಾಕಿ. ಐದರ ಈ ತುಣುಕೇ ಆಂಟಿಥ್ರಾಂಬಿನ್ ಹುಡುಕುವುದು. ಆ ಗಂಟು ನಡುವಿನ ಗ್ಲೂಕೋಸಮೀನ್‌ನ ಮೂರನೇ ಇಂಗಾಲದ ಮೇಲಿನ ಸಲ್ಫೇಟ್. ಹೆಪಾರಿನ್ನಿನ ಬೇರೆ ಕಡೆ ಇದು ಅಪರೂಪ.

ಗಂಟನ್ನು ಬಿಚ್ಚಿ. ಮಿಕ್ಕ ಆವೇಶಗಳೆಲ್ಲ ಹಾಗೇ ಇವೆ, ಹೋದದ್ದು ಒಂದೇ ಸಲ್ಫೇಟ್. ಹಿಡಿತ ಸಾವಿರಾರು ಪಟ್ಟು ಕುಸಿಯುತ್ತದೆ. ಔಷಧದ ಹೆಪಾರಿನ್‌ನಲ್ಲೂ ಸುಮಾರು ಮೂರನೇ ಒಂದು ಪಾಲು ಸರಪಳಿಗಳಲ್ಲಿ ಮಾತ್ರ ಈ ತುಣುಕು ಇರುತ್ತದೆ.

1980ರ ದಶಕದಲ್ಲಿ ಫ್ರಾನ್ಸಿನ ರಸಾಯನಜ್ಞರು ಈ ಐದು ಸಕ್ಕರೆಯ ತುಣುಕನ್ನು ಪ್ರಯೋಗಾಲಯದಲ್ಲೇ ಕಟ್ಟಿದರು. ಅದರ ರೂಪಾಂತರವೇ ಫಾಂಡಾಪರಿನಕ್ಸ್, 2001ರಿಂದ ಔಷಧ. ಎಂಟು ಸಲ್ಫೇಟ್, ಎರಡು ಕಾರ್ಬಾಕ್ಸಿಲ್, ಸರಿತೂಗಿಸಲು ಹತ್ತು ಸೋಡಿಯಂ. ಪ್ರಾಣಿಯ ಅಂಗಾಂಶ ಬೇಕೇ ಇಲ್ಲ.

ಹಂತ 7: ಹಿಡಿದ ಮೇಲೆ ಏನಾಗುತ್ತದೆ

ಐದು ಸಕ್ಕರೆ ಕೂತೊಡನೆ ಆಂಟಿಥ್ರಾಂಬಿನ್ ಮೈ ಮುರಿದಂತೆ ಬದಲಾಗುತ್ತದೆ. ನಾವು ವೃತ್ತದಲ್ಲಿ ಬರೆದ ಸುರುಳಿ ಇನ್ನೂ ಒಂದೂವರೆ ಸುತ್ತು ಬೆಳೆಯುತ್ತದೆ, ದೂರದಲ್ಲಿ ಅರ್ಧ ಒಳಗೆ ಸಿಕ್ಕಿಕೊಂಡಿದ್ದ ಕುಣಿಕೆಯೊಂದು ಹೊರಗೆ ಬರುತ್ತದೆ. ಆ ಕುಣಿಕೆಯೇ ಹತ್ತನೇ ಘಟಕ ಎಂಬ ಹೆಪ್ಪುಗಟ್ಟಿಸುವ ಕಿಣ್ವಕ್ಕೆ ಬಲೆ. ಇದಕ್ಕೆ ಐದು ಸಕ್ಕರೆ ಸಾಕು.

ಥ್ರಾಂಬಿನ್ ಎಂಬ ಇನ್ನೊಂದು ಕಿಣ್ವಕ್ಕೆ ಸಾಲದು. ಥ್ರಾಂಬಿನ್ ಕೂಡ ಅದೇ ಸರಪಳಿಯ ಮೇಲೆ ಕೂತು ಪಕ್ಕಕ್ಕೆ ಬರಬೇಕು. ಎರಡಕ್ಕೂ ಜಾಗವಾಗಲು ಕನಿಷ್ಠ ಹದಿನೆಂಟು ಸಕ್ಕರೆ ಬೇಕು. ನಿಮ್ಮ ಪಟ್ಟಿಯಲ್ಲಿ ಹದಿನೆಂಟು ಮನೆ ಹಾಕಿಸಿದ್ದು ಅದಕ್ಕೇ. ಸರಪಳಿಯನ್ನು ತುಂಡು ಮಾಡಿ ತಯಾರಿಸುವ ಎನಾಕ್ಸಾಪರಿನ್‌ನಲ್ಲಿ ಬಹಳಷ್ಟು ತುಣುಕುಗಳು ಹದಿನೆಂಟಕ್ಕಿಂತ ಗಿಡ್ಡ. ಹಾಗಾಗಿ ಅದರ ಒಲವು ಹತ್ತನೇ ಘಟಕದ ಕಡೆಗೆ. ಯಾವುದು ಯಾರಿಗೆ ಎಷ್ಟು ಎಂಬುದು ಮಾತ್ರ ವೈದ್ಯರ ಮಾತು, ಮೇಜಿನ ಮೇಲಿನ ಪಟ್ಟಿಯದಲ್ಲ.

ಹಂತ 8: ಉಪ್ಪಿನಿಂದ ಅಳೆಯಿರಿ

ಹಿಡಿತ ಎಷ್ಟು ಗಟ್ಟಿ ಎಂದು ಪ್ರಯೋಗಾಲಯದಲ್ಲಿ ಅಳೆಯುವ ಹಳೆಯ, ಸರಳ ದಾರಿ ಉಪ್ಪು. ಹೆಪಾರಿನ್ ಅಂಟಿಸಿದ ಮಣಿಗಳನ್ನು ಕೊಳವೆಗೆ ತುಂಬಿ ಪ್ರೋಟೀನ್ ದ್ರಾವಣ ಸುರಿಯುತ್ತಾರೆ. ಆಮೇಲೆ ಉಪ್ಪುನೀರನ್ನು ಹಂತಹಂತವಾಗಿ ಹೆಚ್ಚಿಸುತ್ತಾರೆ. ಸಡಿಲ ಹಿಡಿತದವು ಬೇಗ ಬಿಟ್ಟುಕೊಳ್ಳುತ್ತವೆ, ಗಟ್ಟಿಯವು ಕೊನೆಗೆ. ಆಸ್ಪತ್ರೆಯ ಸಲೈನ್ ಬಾಟಲಿಯಲ್ಲಿ ಲೀಟರಿಗೆ 9 ಗ್ರಾಂ ಉಪ್ಪು. 1984ರಲ್ಲಿ ಜೂಡಾ ಫೋಕ್‌ಮನ್ ಅವರ ತಂಡ ಗೆಡ್ಡೆಯಿಂದ ಬಂದ, ರಕ್ತನಾಳ ಬೆಳೆಸುವ ಅಂಶವೊಂದನ್ನು ಹೀಗೆ ಬೇರ್ಪಡಿಸಿದಾಗ ಅದು ಬಿಟ್ಟುಕೊಟ್ಟದ್ದು ಇದರ ಸುಮಾರು ಹತ್ತು ಪಟ್ಟು ಉಪ್ಪಿಗೆ, ಲೀಟರಿಗೆ 88 ಗ್ರಾಂ ಆಸುಪಾಸು.

ಉಪ್ಪು ಏಕೆ ಬಿಡಿಸುತ್ತದೆ? ಹೆಪಾರಿನ್ ನೀರಿನಲ್ಲಿ ಎಂದೂ ಒಂಟಿಯಾಗಿರುವುದಿಲ್ಲ, ಅದರ ಉದ್ದಕ್ಕೂ ಸೋಡಿಯಂ ಅಯಾನುಗಳು ಮುತ್ತಿರುತ್ತವೆ. ಪ್ರೋಟೀನು ಬಂದು ಕೂತಾಗ ಅವು ಜಾಗ ಬಿಟ್ಟು ನೀರಿಗೆ ಹೋಗುತ್ತವೆ. ಆ ಬಿಡುಗಡೆಯೇ ಹಿಡಿತಕ್ಕೆ ಬಲ. ನೀರಿನಲ್ಲಿ ಮೊದಲೇ ಸೋಡಿಯಂ ತುಂಬಿದ್ದರೆ ಬಿಟ್ಟು ಹೋಗುವುದರಿಂದ ಲಾಭವಿಲ್ಲ, ಹಿಡಿತ ಸಡಿಲವಾಗುತ್ತದೆ. ಆದರೆ ಉಪ್ಪಿಗೆ ಬಗ್ಗದ ಪಾಲೂ ಇರುತ್ತದೆ: ಜಲಜನಕ ಬಂಧ, ಆಕಾರದ ಹೊಂದಿಕೆ. ಆಂಟಿಥ್ರಾಂಬಿನ್ನಿನಲ್ಲಿ ಈ ಪಾಲು ದೊಡ್ಡದು. ಥ್ರಾಂಬಿನ್ನಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಆವೇಶದ್ದೇ, ಅದಕ್ಕೇ ಅದು ಸರಪಳಿಯ ಮೇಲೆ ಎಲ್ಲಿ ಬೇಕಾದರೂ ಕೂರುತ್ತದೆ.

ಹಂತ 9: ಆವೇಶ ಮೋಸ ಮಾಡಿದ ಕಥೆ

2008ರ ಆರಂಭದಲ್ಲಿ ಅಮೆರಿಕದಲ್ಲಿ ಡಯಾಲಿಸಿಸ್ ರೋಗಿಗಳಿಗೆ ಹೆಪಾರಿನ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ರಕ್ತದೊತ್ತಡ ಕುಸಿಯತೊಡಗಿತು. ಸಾವುಗಳಾದವು. ಔಷಧ ಅಂದಿನ ಪರೀಕ್ಷೆಗಳಲ್ಲಿ ಪಾಸಾಗಿತ್ತು. ಒಳಗೆ ಬೆರೆತಿದ್ದದ್ದು ಹೆಪಾರಿನ್ ಅಲ್ಲದ ಸರಪಳಿ: ಕಾಂಡ್ರಾಯಿಟಿನ್ ಸಲ್ಫೇಟಿಗೆ ರಾಸಾಯನಿಕವಾಗಿ ಇನ್ನಷ್ಟು ಸಲ್ಫೇಟ್ ಹೇರಿ, ಒಂದು ಜೋಡಿಗೆ ನಾಲ್ಕರಂತೆ ಮಾಡಿದ್ದು. ಆವೇಶದಲ್ಲಿ ಅದು ಹೆಪಾರಿನ್ನಿನಂತೆಯೇ ಕಾಣುತ್ತಿತ್ತು. ದೇಹದೊಳಗೆ ಅದು ಬೇರೆ ಪ್ರೋಟೀನುಗಳನ್ನು ಎಬ್ಬಿಸಿತು. ಬ್ರಾಡಿಕೈನಿನ್ ಹುಟ್ಟಿ ರಕ್ತನಾಳಗಳು ಸಡಿಲವಾದವು.

ಇದು ಏನೆಂದು ಗುರುತಿಸಿದ ತಂಡದ ಮುಂದಾಳುಗಳಲ್ಲಿ ಒಬ್ಬರು ಎಂಐಟಿಯ ರಾಮ್ ಶಶಿಶೇಖರನ್, ಬೆಂಗಳೂರು ವಿಶ್ವವಿದ್ಯಾಲಯದ ಪದವೀಧರರು. ಹೆಪಾರಿನ್ ಕತ್ತರಿಸುವ ಬ್ಯಾಕ್ಟೀರಿಯಾ ಕಿಣ್ವಗಳ ಮೇಲೆ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದರು. ಆ ಕಿಣ್ವಗಳು ಹೆಪಾರಿನ್ನನ್ನು ತಿಂದು ಮುಗಿಸಿದ ಮೇಲೂ ಕಲಬೆರಕೆ ಕತ್ತರಿಸಿಕೊಳ್ಳದೆ ಉಳಿಯುತ್ತಿತ್ತು. ಹಸಿರು ಮುಚ್ಚಳ ಕೈಗೆತ್ತಿಕೊಂಡಾಗ ನನಗೆ ಈಗಲೂ ಆ ರೋಗಿಗಳು ನೆನಪಾಗುತ್ತಾರೆ.

ಹಂತ 10: ಇನ್ನು ನೀವೇ ಹುಡುಕಿ

ಮಳೆಗಾಲದಲ್ಲಿ ನಮ್ಮ ಲ್ಯಾಬಿನ ಮುಂದೆ ಡೆಂಗಿ ಪರೀಕ್ಷೆಗೆ ಸಾಲು ನಿಲ್ಲುತ್ತದೆ. ಡೆಂಗಿ ವೈರಸ್ಸಿನ ಹೊರಕವಚದ ಪ್ರೋಟೀನು ಜೀವಕೋಶದ ಮೇಲಿನ ಹೆಪರಾನ್ ಸಲ್ಫೇಟನ್ನು ಹಿಡಿದು ಒಳಗೆ ಬರುತ್ತದೆಂದು 1997ರಲ್ಲಿ ತೋರಿಸಿದರು. ಕೊರೊನಾ ವೈರಸ್ಸಿನ ಮುಳ್ಳೂ ಅದನ್ನು ಹಿಡಿಯುತ್ತದೆಂದು 2020ರಲ್ಲಿ ತಿಳಿಯಿತು. ಅವುಗಳ ಸಾಲುಗಳಲ್ಲಿ ಲೈಸಿನ್, ಆರ್ಜಿನಿನ್ ಎಲ್ಲಿ ಗುಂಪಾಗಿವೆ ನೋಡಿ.

ಡೇಟಾ ಬ್ಯಾಂಕಿನಲ್ಲಿ ಅಂಕಿ 1, ಬಿ, ಎಫ್, ಸಿ ಹೊಡೆದರೆ ಎಫ್‌ಜಿಎಫ್ ಎಂಬ ಬೆಳವಣಿಗೆ ಅಂಶ ಆರು ಸಕ್ಕರೆ ಹಿಡಿದಿರುವ 1996ರ ರಚನೆ ಬರುತ್ತದೆ. ಅಲ್ಲಿ ಆಂಟಿಥ್ರಾಂಬಿನ್ನಿನಂತೆ ಪ್ರೋಟೀನು ಮೈ ಬದಲಿಸುವುದಿಲ್ಲ.

ಕೊನೆಗೆ ಅಂಕಿ 1, ಜೆ, ಎ, ಸಿ. ಇದು ಹೆಪಾರಿನ್ ಅಲ್ಲ, ಹಲಸಿನ ಬೀಜದ ಪ್ರೋಟೀನು ಜಾಕಲಿನ್, ಗ್ಯಾಲಕ್ಟೋಸ್ ಸಕ್ಕರೆಯನ್ನು ಹಿಡಿದಿರುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್, ಅವಧೇಶ ಸುರೋಲಿಯ ಮತ್ತು ಸಂಗಡಿಗರು 1996ರಲ್ಲಿ ಬಿಡಿಸಿದ ರಚನೆ. ನಮ್ಮ ಹುಡುಗಿ ಅದನ್ನು ತೆರೆದು ಸಕ್ಕರೆಯ ಸುತ್ತ ಆರ್ಜಿನಿನ್ ಹುಡುಕಿದಳು, ಸಿಗಲಿಲ್ಲ. ಈ ಸಕ್ಕರೆಗೆ ಆವೇಶವೇ ಇಲ್ಲ. ಬದಲಿಗೆ ಟೈರೋಸಿನ್, ಟ್ರಿಪ್ಟೊಫಾನ್‌ಗಳ ಚಪ್ಪಟೆ ಉಂಗುರಗಳು ಸಕ್ಕರೆಗೆ ಒರಗಿದ್ದವು, ಒಂದು ಆಸ್ಪಾರ್ಟಿಕ್ ಆಮ್ಲ ಜಲಜನಕ ಬಂಧ ಹಾಕಿತ್ತು. ಒಂದೇ ಒಂದು ನೀಲಿ ತುದಿ ಸಕ್ಕರೆಯ ಕಡೆ ಚಾಚಿತ್ತು. ಮೌಸ್ ತಂದು ನೋಡಿದರೆ ಗ್ಲೈಸಿನ್ 1. ಉದ್ದ ಪ್ರೋಟೀನನ್ನು ಗಿಡವೇ ಕತ್ತರಿಸಿದಾಗ ಬಿಡುಗಡೆಯಾದ ಮೊದಲ ತುದಿ ಅದು. "ಮಾಮಾ, ಕತ್ತರಿಸಿದ ಮ್ಯಾಲೇನ ಇದಕ್ಕ ಕೈ ಬಂದದ," ಎಂದು ಅವಳು ಕುರ್ಚಿಯಿಂದ ಎದ್ದು ನಿಂತೇ ಹೇಳಿದಳು.